ಮುಟ್ಟು ತರಿಸುವ ಮಾತ್ರೆಯ ಕಥೆ

ಇಂದು ಕೊಂಢವಾದ ಯಾವ ಮೆಡಿಕಲ್ ಶಾಪಿಗೆ ಹೋದರೂ ಗರ್ಭಪರೀಕ್ಷೆಯ ಪಟ್ಟಿ ಸಿಗುತ್ತದೆ. ಕೆಲವು ಹನಿ ಮೂತ್ರ, ಐದು ನಿಮಿಷ, ಅಷ್ಟೇ. ಹೊಟ್ಟೆಗೆ ಏನೂ ಹೋಗುವುದಿಲ್ಲ. ಆದರೆ ನಿಮ್ಮ ಅಮ್ಮ, ಅಜ್ಜಿಯರ ಕಾಲದಲ್ಲಿ ಇದೇ ಪ್ರಶ್ನೆಗೆ ಎಷ್ಟೋ ಹೆಂಗಸರು ಮಾತ್ರೆ ನುಂಗಿದರು ಎಂಬುದು ನಿಮಗೆ ಗೊತ್ತೇ?

ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಹಾರ್ಮೋನುಗಳ ಮಾತ್ರೆ ಅದು. ನುಂಗಿದ ಕೆಲವು ದಿನಗಳಲ್ಲಿ ಮುಟ್ಟಾದರೆ ಗರ್ಭವಿಲ್ಲ, ಆಗದಿದ್ದರೆ ಗರ್ಭಿಣಿ ಎಂಬುದು ಲೆಕ್ಕ. ಬಸಿರು ಎಂದು ಗೊತ್ತಾಗುವ ಹೊತ್ತಿಗೆ ಔಷಧ ಆಗಲೇ ಒಳಸೇರಿರುತ್ತಿತ್ತು. ಅದೂ ಮಗುವಿನ ಅಂಗಗಳು ಮೂಡುವ ವಾರಗಳಲ್ಲಿ!

1967ರಲ್ಲಿ ಬ್ರಿಟನ್ನಿನ ಮಕ್ಕಳ ವೈದ್ಯೆ ಇಸಾಬೆಲ್ ಗಾಲ್, ಈ ಪರೀಕ್ಷೆಗೂ ಹುಟ್ಟು ನ್ಯೂನತೆಗೂ ನಂಟಿರಬಹುದೆಂದು 'ನೇಚರ್' ಪತ್ರಿಕೆಯಲ್ಲಿ ಎಚ್ಚರಿಸಿದರು. ಆದರೂ ಅಲ್ಲಿ 'ಪ್ರಿಮೊಡಾಸ್' ಮಾತ್ರೆಯ ಮಾರಾಟ ನಿಂತದ್ದು 1978ರಲ್ಲಿ.

ನಮ್ಮ ದೇಶದಲ್ಲಿ ಇಂಥ ಔಷಧಗಳಿಗೆ 'ಇ.ಪಿ.' ಎಂದೇ ಹೆಸರು. ಮುಟ್ಟು ತಡವಾಯಿತೆಂದು ಕೆಲವರು, ಗರ್ಭ ಇಳಿಯುತ್ತದೆಂದು ನಂಬಿ ಇನ್ನು ಕೆಲವರು ಅಂಗಡಿಯಿಂದಲೇ ಕೊಂಡು ನುಂಗುತ್ತಿದ್ದರು. 1982ರಲ್ಲಿ ಸರ್ಕಾರ ನಿಷೇಧಕ್ಕೆ ಕೈಹಾಕಿತು. ಕಂಪನಿಗಳು ಹೈಕೋರ್ಟಿನಿಂದ ತಡೆಯಾಜ್ಞೆ ತಂದವು. ಮೆಡಿಕೋ ಫ್ರೆಂಡ್ ಸರ್ಕಲ್, ವಾಲಂಟರಿ ಹೆಲ್ತ್ ಅಸೋಸಿಯೇಷನ್, ಮಹಿಳಾ ಸಂಘಟನೆಗಳು ಪಟ್ಟು ಬಿಡಲಿಲ್ಲ. ಔಷಧ ನಿಯಂತ್ರಕರು ದೊಡ್ಡ ನಗರಗಳಲ್ಲಿ ಸಾರ್ವಜನಿಕ ವಿಚಾರಣೆ ನಡೆಸಿದರು. ಕೊನೆಗೆ 1988ರಲ್ಲಿ ಹೆಚ್ಚು ಪ್ರಮಾಣದ ಇ.ಪಿ. ಔಷಧಗಳಿಗೆ ನಿಷೇಧ ಬಿತ್ತು. ಆರು ವರ್ಷ ಹೋಯಿತು.

ದೋಷ ಖಚಿತವಾಯಿತೇ ಎಂದು ನೀವು ಕೇಳಬಹುದು. ಇಂದಿಗೂ ವಾದ ಮುಗಿದಿಲ್ಲ. 2017ರ ಬ್ರಿಟಿಷ್ ತಜ್ಞರ ಸಮಿತಿ, ಕಾರಣ ಸಂಬಂಧಕ್ಕೆ ಪುರಾವೆ ಸಾಲದು ಎಂದಿತು. 2018ರಲ್ಲಿ ಆಕ್ಸ್‌ಫರ್ಡ್ ಸಂಶೋಧಕರು ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ನಂಟು ಕಾಣುತ್ತದೆ ಎಂದರು. 2020ರಲ್ಲಿ ಕಂಬರ್ಲೆಜ್ ವರದಿ, ಈ ಪರೀಕ್ಷೆಯನ್ನು 1967ರಲ್ಲೇ ನಿಲ್ಲಿಸಬೇಕಿತ್ತು ಎಂದಿತು.

ಆ ಮಾತಿನಲ್ಲಿ ತೂಕವಿದೆ. ಮೂತ್ರ ಪರೀಕ್ಷೆ ಆಗಲೇ ಇತ್ತು. ಅಪಾಯವಿಲ್ಲದ ದಾರಿ ಇರುವಾಗ ಸಂಶಯದ ಲಾಭ ಸಲ್ಲಬೇಕಾದ್ದು ಮಗುವಿಗೆ, ಮಾತ್ರೆಗಲ್ಲ.

ಆಗ ಮಾತ್ರೆ ನುಂಗಿದ ತಾಯಂದಿರು ಇಂದಿಗೂ ತಮ್ಮನ್ನೇ ಹಳಿದುಕೊಳ್ಳುವುದುಂಟು. ಕೊಟ್ಟದ್ದನ್ನು ನಂಬಿ ತೆಗೆದುಕೊಂಡವರ ತಪ್ಪು ಅದರಲ್ಲಿಲ್ಲ. ಹಾಗೆ ಕೊರಗುವವರು ನಿಮ್ಮ ಮನೆಯಲ್ಲಿದ್ದರೆ ಇಷ್ಟನ್ನು ಅವರಿಗೆ ಓದಿ ಹೇಳಿ. ಮುಟ್ಟು ತಡವಾದಾಗ ಮೊದಲು ಪಟ್ಟಿ, ಆಮೇಲೆ ವೈದ್ಯರು. ಕೇಳದೆ ಮಾತ್ರೆ ಬೇಡ.