ಕೋಡಿಯಿಂದ ಮೋರಿಗೆ: ಬೇಲೂರು–ಅರಸೀಕೆರೆ ಹೆದ್ದಾರಿಯಲ್ಲಿ ಸೇತುವೆಗಳ ಮರುನಿರ್ಮಾಣ

ಚಂಡಮಾರುತಕ್ಕೆ ಮುರಿದ ಸೇತುವೆಗಳ ಚರ್ಚೆ ಬಂದಾಗಲೆಲ್ಲ ಲೂಸಿಯಾನಾದ ನಿದರ್ಶನ ಮುಂದಾಗುತ್ತದೆ. 2005ರ ಕತ್ರಿನಾ ಚಂಡಮಾರುತದ ಹೊಡೆತಕ್ಕೆ ಪಾಂಟ್ಚಾರ್ಟ್ರೇನ್ ಸರೋವರದ ಅಲೆಗಳು ಅವಳಿ ಸೇತುವೆಯ ಹಾಸುಗಳನ್ನು ಕೆಳಗಿನಿಂದ ಎತ್ತಿ ಸರಿಸಿದವು. ಹೊಸ ಸೇತುವೆಯನ್ನು ಹಳೆಯದಕ್ಕಿಂತ ಸುಮಾರು 21 ಅಡಿ ಎತ್ತರಿಸಲಾಯಿತು. ಅಲ್ಲಿ ರೋಗ ಹಾಸಿನಲ್ಲಿತ್ತು, ಮದ್ದೂ ಅಲ್ಲಿಗೇ ಸಂದಿತು. ಬೇಲೂರು, ಹಳೇಬೀಡು, ಅರಸೀಕೆರೆಗಳನ್ನು ಹಾಯುವ ಮಂಗಳೂರು–ತುಮಕೂರು ರಾಷ್ಟ್ರೀಯ ಹೆದ್ದಾರಿ 73ಕ್ಕೆ ಆ ಮದ್ದು ಹೊಂದದು. ಇಲ್ಲಿ ಮರುನಿರ್ಮಾಣದ ಲೆಕ್ಕ ಶುರುವಾಗಬೇಕಾದದ್ದು ಮೇಲಿನ ಕೆರೆಗಳಿಂದ.

ಒಂದೇ ಹೆದ್ದಾರಿಯಾದರೂ ನೀರಿನ ಸ್ವಭಾವ ಒಂದೇ ಅಲ್ಲ. ಚಾರ್ಮಾಡಿ ಘಾಟಿಯಲ್ಲಿ ಗುಡ್ಡವೇ ಜಾರುತ್ತದೆ. 2019ರ ಆಗಸ್ಟ್‌ನಲ್ಲಿ ಘಾಟಿ ಮುಚ್ಚಿದ್ದು ಅದರಿಂದಲೇ. ಬೇಲೂರಿನ ಯಗಚಿ ನದಿಗೆ ಅಣೆಕಟ್ಟಿನ ಹಿಡಿತವಿದೆ. ಹಳೇಬೀಡು ದಾಟಿ ಅರಸೀಕೆರೆಯತ್ತ ನಡೆದಂತೆ ವರ್ಷದ ಬಹುಪಾಲು ಒಣಗಿರುವ ಹಳ್ಳಗಳು, ಸರಪಳಿಯಂತೆ ಕೂಡಿಕೊಂಡ ಕೆರೆಗಳು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಹಿಂಗಾರಿನಲ್ಲಿ ಈ ಬಯಲಿಗೆ ತರುವುದು ಬಿರುಗಾಳಿಗಿಂತ ಬಿಡದ ಮಳೆಯನ್ನು. ಆಗ ಒಂದು ಏರಿ ಒಡೆದರೆ ಅದರ ನೀರೆಲ್ಲ ಮುಂದಿನ ಏರಿಯ ಮೇಲೆ, ಅದೂ ತಾಳದಿದ್ದರೆ ಹೆದ್ದಾರಿಯ ಮೋರಿಯ ಮೇಲೆ. ಇಕ್ಕಟ್ಟಾದ ಕಿಂಡಿಯಲ್ಲಿ ತಡೆದು ನಿಂತ ನೀರು ಪಕ್ಕದ ಮಣ್ಣನ್ನು ಕೊರೆಯುತ್ತದೆ. ಹಾಸು ಗಟ್ಟಿಯಾಗಿಯೇ ಉಳಿದು, ಅದಕ್ಕೆ ಕೂಡುವ ರಸ್ತೆ ಕೊಚ್ಚಿಹೋಗಬಹುದು. ಹಾಸನ್ನು ಎತ್ತರಿಸಿದರೆ ಆ ರಸ್ತೆಗೆ ಇನ್ನೂ ಎತ್ತರದ ಮಣ್ಣಿನ ದಿಬ್ಬ ಬೇಕು, ಕೊರೆತಕ್ಕೆ ಸಿಗುವುದೂ ಅದೇ.

ಸೇತುವೆ ವಿನ್ಯಾಸದ ಸಂಹಿತೆಗಳಲ್ಲೇ ಇಂಥ ನೆರೆಗೆ ಅವಕಾಶವಿದೆ ಎಂಬ ಆಕ್ಷೇಪ ಬರಬಹುದು. ನಿಜ, ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಡಿಪಾಯ ಸಂಹಿತೆ ಐಆರ್‌ಸಿ 78 ಚಿಕ್ಕ ಜಲಾನಯನಗಳಲ್ಲಿ ಅಡಿಪಾಯದ ಲೆಕ್ಕಕ್ಕೆ ವಿನ್ಯಾಸ ಪ್ರವಾಹವನ್ನು ಶೇ 30ರಷ್ಟು ಹೆಚ್ಚಿಸಿಕೊಳ್ಳಲು ಹೇಳುತ್ತದೆ. ಆದರೆ ಅದು ಅಡಿಪಾಯವನ್ನು ಆಳಕ್ಕೆ ಒಯ್ಯುತ್ತದೆಯೇ ಹೊರತು ಕಿಂಡಿಯನ್ನು ಅಗಲಿಸುವುದಿಲ್ಲ. ದಿನಗಟ್ಟಲೆ ಕೂಡಿಟ್ಟ ನೀರನ್ನು ಗಳಿಗೆಯಲ್ಲಿ ಬಿಟ್ಟುಕೊಡುವ ಕೆರೆ ಆ ಲೆಕ್ಕಕ್ಕೆ ಸಿಗುವುದೂ ಇಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಕೆರೆಗಳ ಸಮೀಕ್ಷೆಗೆ ಕಾದರೆ ಸಂಚಾರ ನಿಲ್ಲುತ್ತದೆ. ಬೇಗ ಕಟ್ಟಿದ ನಿದರ್ಶನವೂ ಇದೆ: ಮಹಾರಾಷ್ಟ್ರದ ಮಹಾಡ್ ಬಳಿ ಸಾವಿತ್ರಿ ನದಿಯ ಹಳೆಯ ಕಲ್ಲುಸೇತುವೆ 2016ರ ಆಗಸ್ಟ್‌ನಲ್ಲಿ ಕೊಚ್ಚಿಹೋಗಿ, ಹೊಸದು 2017ರ ಜೂನ್‌ನಲ್ಲೇ ತೆರೆಯಿತು. ಆದರೆ ಅಲ್ಲಿದ್ದದ್ದು ಒಂದು ದೊಡ್ಡ ನದಿ, ನೆರೆಯ ಅಳತೆ ಅದರ ದಡದಲ್ಲೇ ಸಿಗುವಂಥದ್ದು. ಅರಸೀಕೆರೆ ಕಡೆಯ ಹಳ್ಳದಲ್ಲಿ ಆ ಅಳತೆಯನ್ನು ಮೇಲಿನ ಕೆರೆಗಳ ಕೋಡಿಗಳಲ್ಲಿ ಹುಡುಕಬೇಕು. ಕೋಡಿಯ ಅಗಲ, ಅದರ ಮೇಲೆ ಹರಿಯುವ ನೀರಿನ ಎತ್ತರ ಗೊತ್ತಾದರೆ ಪ್ರವಾಹದ ಲೆಕ್ಕ ಕಷ್ಟದ್ದಲ್ಲ; ಏರಿಯ ಸ್ಥಿತಿಯೂ ಬಹುಮಟ್ಟಿಗೆ ನೋಡಿದರೇ ತಿಳಿಯುತ್ತದೆ. ತೊಡಕಿರುವುದು ಕಡತದಲ್ಲಿ: ಕೆರೆ ಒಂದು ಇಲಾಖೆಯದು, ರಸ್ತೆ ಇನ್ನೊಂದರದು. ಮೇಲಿನ ಕೆರೆಗಳ ಕೋಡಿ ಮತ್ತು ಏರಿಯ ದುರಸ್ತಿ ಸೇತುವೆಯ ಅಂದಾಜುಪಟ್ಟಿಯಲ್ಲೇ ಸೇರದ ತನಕ ಹೊಸ ಮೋರಿಯನ್ನೂ ಹಳೆಯ ಕಿಂಡಿಯ ಅಳತೆಗೇ ಕಟ್ಟುತ್ತಾರೆ.