ಗೋಡೆಯ ಮರೆಯ ಚರಿತ್ರೆ

ಎಕ್ಸ್‌ರೇ ಕೋಣೆಯಲ್ಲಿ ನಮ್ಮನ್ನು ಅಲುಗಾಡಬೇಡಿ ಎಂದು ಹೇಳಿ ಸಿಬ್ಬಂದಿ ಗೋಡೆಯ ಮರೆಗೆ ಸರಿಯುತ್ತಾರೆ. ಆ ನಾಲ್ಕು ಹೆಜ್ಜೆಗಳ ಹಿಂದೆ ಎಷ್ಟು ಸಾವುಗಳಿವೆ ಎಂದು ನಾವು ಯೋಚಿಸುವುದಿಲ್ಲ.

1895ರಲ್ಲಿ ಜರ್ಮನಿಯ ರಾಂಟ್‌ಜನ್ ಈ ಕಿರಣಗಳನ್ನು ಕಂಡುಹಿಡಿದಾಗ ಇದಕ್ಕೆಂದೇ ತರಬೇತಾದ ವೈದ್ಯರಿರಲಿಲ್ಲ. ಆಸಕ್ತಿಯಿಂದ ಬಂದವರೇ ಮೊದಲ ತಲೆಮಾರಿನ ತಜ್ಞರಾದರು. ಕಿರಣ ಸರಿಯಾಗಿ ಬರುತ್ತಿದೆಯೇ ಎಂದು ನೋಡಲು ಹಲವರು ತಮ್ಮ ಕೈಯನ್ನೇ ಒಡ್ಡುತ್ತಿದ್ದರು. ಮೊದಲು ಚರ್ಮ ಸುಟ್ಟಿತು, ಆಮೇಲೆ ಹುಣ್ಣಾಯಿತು, ಕೊನೆಗೆ ಕ್ಯಾನ್ಸರ್.

ಈ ಕಿರಣಗಳು ಪ್ರಾಣಿಗಳ ಸಂತಾನಶಕ್ತಿಯನ್ನು ಕೆಡಿಸುತ್ತವೆ ಎಂದು 1903ರಲ್ಲಿ ತೋರಿಸಿದವರು ಹ್ಯಾಂಬರ್ಗಿನ ಡಾ. ಆಲ್ಬರ್ಸ್-ಶೋನ್‌ಬರ್ಗ್. ಅಪಾಯವನ್ನು ಬಲ್ಲ ಅವರೇ ತೋಳು ಕಳೆದುಕೊಂಡು 1921ರಲ್ಲಿ ತೀರಿಕೊಂಡರು. ಅದೇ ವರ್ಷ ಲಂಡನ್ನಿನ ಡಾ. ಐರನ್‌ಸೈಡ್ ಬ್ರೂಸ್ ತೀವ್ರ ರಕ್ತಹೀನತೆಗೆ ಬಲಿಯಾದರು. ಆಗ ಬ್ರಿಟನ್ ಎಚ್ಚೆತ್ತು ಸುರಕ್ಷತಾ ಸಮಿತಿ ರಚಿಸಿತು. 1928ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಂತಾರಾಷ್ಟ್ರೀಯ ಸಮಿತಿಯೂ ಹುಟ್ಟಿತು.

1936ರಲ್ಲಿ ಹ್ಯಾಂಬರ್ಗಿನ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಇಂಥವರ ಸ್ಮಾರಕ ನಿಂತಿತು. ಮೊದಲಿಗೇ 150ಕ್ಕೂ ಹೆಚ್ಚು ಹೆಸರುಗಳು. ವೈದ್ಯರು, ವಿಜ್ಞಾನಿಗಳು, ದಾದಿಯರು, ಹಲವು ದೇಶಗಳವರು. ಮೂರೇ ವರ್ಷಗಳಲ್ಲಿ ಆ ದೇಶಗಳಲ್ಲಿ ಕೆಲವು ಪರಸ್ಪರ ಯುದ್ಧಕ್ಕಿಳಿದವು. ಕಲ್ಲಿನ ಮೇಲೆ ಮಾತ್ರ ಹೆಸರುಗಳು ಒಟ್ಟಿಗೇ ಉಳಿದವು.

ನಮ್ಮ ಮೂಳೆಯನ್ನು ಬೆಳಕಿಗೆ ಹಿಡಿದು ನೋಡುವ ವೈದ್ಯರ ಕೈ ಇಂದು ಸುರಕ್ಷಿತವಾಗಿದೆ. ಅದಕ್ಕೆ ಬೆಲೆ ತೆತ್ತವು ಆ ಕೈಗಳೇ.