ಜೋಳವಾಳಿಯಿಂದ ಅನ್ನದ ಋಣಕ್ಕೆ

ಹಳಗನ್ನಡ ಕಾವ್ಯಗಳ ಪರಿಚಯವಿದ್ದವರಿಗೆ ‘ಜೋಳವಾಳಿ’ ಎಂಬ ಮಾತು ಹೊಸದಲ್ಲ. ಒಡೆಯನ ಜೋಳವನ್ನು ಉಂಡವನು ಆ ಋಣವನ್ನು ಪ್ರಾಣ ಕೊಟ್ಟಾದರೂ ತೀರಿಸಬೇಕು ಎಂಬುದು ಅದರ ಭಾವ. ಪಂಪನ ಕರ್ಣನನ್ನು ಕುರಿತು ಮಾತು ಬಂದಾಗಲೆಲ್ಲ ಈ ಪದ ಬರುತ್ತದೆ. ಅದರಲ್ಲಿ ಅಡಗಿರುವ ನಿಷ್ಠೆ, ತ್ಯಾಗಗಳನ್ನು ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಪದದ ಮೊದಲರ್ಧದಲ್ಲಿಯೇ ಕುಳಿತಿರುವ ಧಾನ್ಯದ ಕಡೆಗೆ ನೋಡಿದವರು ಕಡಮೆ. ಹತ್ತನೆಯ ಶತಮಾನದ ಕನ್ನಡ ವೀರನು ತೀರಿಸಬೇಕಾಗಿದ್ದದ್ದು ಅಕ್ಕಿಯ ಋಣವನ್ನಲ್ಲ, ಜೋಳದ ಋಣವನ್ನು.

ಇಂದು ಅದೇ ಭಾವಕ್ಕೆ ನಾವು ‘ಅನ್ನದ ಋಣ’ ಎನ್ನುತ್ತೇವೆ. ಸಂಸ್ಕೃತದಲ್ಲಿ ಅನ್ನವೆಂದರೆ ತಿನ್ನುವಂಥದು, ಆಹಾರ ಎಂದಷ್ಟೇ ಅರ್ಥ. ಅದು ಯಾವ ಧಾನ್ಯದ್ದೂ ಆಗಬಹುದು. ಕನ್ನಡದ ಬಳಕೆಯಲ್ಲಿ ಅದು ಬೆಂದ ಅಕ್ಕಿಗೇ ಮೀಸಲಾಯಿತು. ಅಚ್ಚಗನ್ನಡದ ‘ಕೂಳು’ ಒಂದು ಕಾಲಕ್ಕೆ ಮರ್ಯಾದೆಯ ಮಾತಾಗಿದ್ದು, ಈಗ ಹೆಚ್ಚಾಗಿ ಬೈಯುವಾಗಷ್ಟೇ ಬಾಯಿಗೆ ಬರುತ್ತದೆ. ಒಂದು ಪದ ಮೇಲೇರಿತು, ಒಂದು ಕೆಳಗಿಳಿಯಿತು. ಪದಗಳೊಡನೆ ಧಾನ್ಯಗಳೂ, ಧಾನ್ಯಗಳೊಡನೆ ಅವನ್ನು ಉಣ್ಣುವವರೂ ಏರಿಳಿದರು. ಈ ಕಥೆ ಬರಿಯ ಅಡಿಗೆಮನೆಯದಲ್ಲ.

ಮೊದಲಿಗೆ ಒಂದು ಮಾತು. ನಮ್ಮದೆಂದು ನಾವು ಹೆಮ್ಮೆಪಡುವ ರಾಗಿ, ಜೋಳ ಎರಡೂ ಮೂಲತಃ ಆಫ್ರಿಕದಿಂದ ಬಂದವು. ಬಳ್ಳಾರಿಯ ಬಳಿಯ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ ದೊರೆತಿರುವ ಸುಟ್ಟ ಕಾಳುಗಳಲ್ಲಿ ಕೊರಲೆ, ಹುರುಳಿ, ಹೆಸರು ಮುಖ್ಯವಾದವು. ಆದುದರಿಂದ ದೇಶೀಯತೆಯ ವಾದವನ್ನು ಬದಿಗಿಡುವುದೇ ಲೇಸು. ಬಂದ ಧಾನ್ಯ ಈ ಮಣ್ಣಿಗೂ ಈ ಮಳೆಗೂ ಒಗ್ಗಿತೆ ಎಂಬುದು ನಿಜವಾದ ಪ್ರಶ್ನೆ. ಮಲೆನಾಡಿಗೂ ಕರಾವಳಿಗೂ ಭತ್ತ ಒಗ್ಗಿತು. ಬಯಲುಸೀಮೆಗೆ ರಾಗಿ, ಜೋಳ, ನವಣೆ, ಸಾಮೆ, ಹಾರಕಗಳು ಒಗ್ಗಿದವು.

ಹಾಗಾದರೆ ಬಯಲುಸೀಮೆಯಲ್ಲಿಯೂ ಅಕ್ಕಿಗೆ ಹಿರಿತನ ಬಂದದ್ದು ಹೇಗೆ? ನಮ್ಮ ಶಾಸನಗಳು ಭೂಮಿಯನ್ನು ಗದ್ದೆ, ಬೆದ್ದಲು ಎಂದು ಬೇರೆ ಮಾಡಿ ಹೇಳುತ್ತವೆ. ಕೆರೆಯ ಕೆಳಗಿನ ನೀರಾವರಿ ನೆಲ ಗದ್ದೆ. ಮಳೆಯನ್ನೇ ನಂಬಿದ್ದು ಬೆದ್ದಲು. ದೇವರ ನೈವೇದ್ಯಕ್ಕೆ ಅಕ್ಕಿ ಬೇಕು. ಅದಕ್ಕಾಗಿ ಗದ್ದೆಯನ್ನು ದತ್ತಿ ಬಿಡಬೇಕು. ಗುಡಿ, ಅಗ್ರಹಾರ, ಅರಮನೆಗಳು ಉಂಡದ್ದು ಶ್ರೇಷ್ಠವಾಯಿತು. ಬೆದ್ದಲನ್ನು ಉತ್ತವನ ಮನೆಯಲ್ಲಿ ಅನ್ನವು ಹಬ್ಬದ ದಿನ, ನೆಂಟರು ಬಂದ ದಿನ ಮಾಡುವ ಅಡಿಗೆಯಾಯಿತು.

ಈ ಹಿರಿತನವನ್ನು ನೇರವಾಗಿ ಪ್ರಶ್ನಿಸಿದವನು ಹದಿನಾರನೆಯ ಶತಮಾನದ ಕನಕದಾಸ. ‘ರಾಮಧಾನ್ಯಚರಿತೆ’ಯಲ್ಲಿ ಶ್ರೀರಾಮನ ಎದುರಿಗೇ ವ್ರೀಹಿಗೂ ನರೆದಲೆಗನಿಗೂ, ಎಂದರೆ ಭತ್ತಕ್ಕೂ ರಾಗಿಗೂ, ಜಗಳ ಹತ್ತುತ್ತದೆ. ಭತ್ತವು ರಾಗಿಯನ್ನು ಕೀಳುಜನರ ಆಹಾರವೆಂದು ಹಳಿಯುತ್ತದೆ. ಬರಗಾಲದಲ್ಲಿ ಬಡವರನ್ನು ಪೊರೆಯುವವರಾರು ಎಂದು ರಾಗಿ ಮರುನುಡಿಯುತ್ತದೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಬಂದಾಗ ವ್ರೀಹಿ ಕಳೆಗುಂದಿದೆ, ನರೆದಲೆಗ ಇದ್ದ ಹಾಗೆಯೇ ಇದ್ದಾನೆ. ರಾಮನು ಮೆಚ್ಚಿ ತನ್ನ ರಾಘವ ನಾಮವನ್ನೇ ಕೊಡುತ್ತಾನೆ, ಅದೇ ರಾಗಿ. (ರಾಗವೆಂದರೆ ಕೆಂಪು ಎಂಬುದರಿಂದ ಈ ಹೆಸರನ್ನು ಬಿಡಿಸುವುದು ನೇರವಾದ ದಾರಿ. ಕವಿಯ ನಿರುಕ್ತಿಗೆ ಭಾಷಾಶಾಸ್ತ್ರದ ಅಪ್ಪಣೆ ಬೇಕಿಲ್ಲ.)

ಇದನ್ನು ಮೇಲು ಕೀಳುಗಳ ರೂಪಕವೆಂದು ಓದುವುದು ವಾಡಿಕೆ, ಅದು ಸರಿಯೂ ಹೌದು. ಆದರೆ ಪರೀಕ್ಷೆಯ ಬಗೆಯನ್ನು ನೋಡಿ. ರಾಮನು ರುಚಿ ನೋಡಿ ತೀರ್ಪು ಕೊಡಲಿಲ್ಲ, ಬಣ್ಣ ನೋಡಿ ಕೊಡಲಿಲ್ಲ. ಕತ್ತಲೆಯಲ್ಲಿ ಕೂಡಿಹಾಕಿ ಯಾರು ಉಳಿದಾರು ಎಂದು ನೋಡಿದನು. ಆ ಸೆರೆಮನೆ ನಮ್ಮ ಹಳ್ಳಿಗಳ ಹಗೇವಲ್ಲದೆ ಮತ್ತೇನು? ನೆಲದಲ್ಲಿ ತೋಡಿದ ಆ ಕಣಜದಲ್ಲಿ ರಾಗಿ ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯುತ್ತದೆ. ಕನಕನ ತರ್ಕ ರೈತನ ತರ್ಕ.

ಹಗೇವಿಗೂ ಒಂದು ಮಿತಿಯುಂಟು. ಅದಕ್ಕೆ ತುಂಬಲು ಹೊಲದಲ್ಲಿ ಬೆಳೆಯಾಗಬೇಕು. 1876ರಿಂದ 1878ರವರೆಗಿನ ಧಾತು ಈಶ್ವರದ ಬರದಲ್ಲಿ ಮಳೆ ಮತ್ತೆ ಮತ್ತೆ ಕೈಕೊಟ್ಟಿತು. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷದ ಹತ್ತಿರಕ್ಕೆ ಕುಸಿದಿತ್ತು. ನೀರಾವರಿಯ ಹಂಬಲ ಸಹಜವೇ. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ತೊಡಗಿತು. ಮುಂದೆ ನಾಲೆಯ ನೀರು ಹರಿದಾಗ ಮಂಡ್ಯದ ರಾಗಿಯ ಹೊಲಗಳು ಭತ್ತಕ್ಕೂ ಕಬ್ಬಿಗೂ ತಿರುಗಿದವು. ಅದೇ ಮಂಡ್ಯದ ವಿಶ್ವೇಶ್ವರಯ್ಯ ನಾಲಾ ಕ್ಷೇತ್ರದಲ್ಲಿ ರಾಗಿಯ ಸಂಶೋಧನೆ ನಡೆಸಿದ ಲಕ್ಷ್ಮಣಯ್ಯನವರು ಇಂಡಿಯದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ತಂದದ್ದು ಒಂದು ಸೊಗಸಾದ ಸಂಗತಿ. ಸಾವಿರಾರು ವರ್ಷಗಳ ಹಿಂದೆ ಅಗಲಿದ ದಾಯಾದಿಗಳು ಅಲ್ಲಿ ಕೂಡಿದರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯನೆಂದೇ ಕರೆದರು.

ಆದರೂ ಗೆದ್ದದ್ದು ಅಕ್ಕಿಯೇ. ಗಿರಣಿ ಬಂದಿತು, ಪಡಿತರ ಬಂದಿತು. ನ್ಯಾಯಬೆಲೆ ಅಂಗಡಿಯ ಚೀಲಗಳಲ್ಲಿ ಅಕ್ಕಿ ಗೋಧಿಗಳೇ ತುಂಬಿಕೊಂಡವು. 2013ರಲ್ಲಿ ಅನ್ನಭಾಗ್ಯ ಯೋಜನೆ ತೊಡಗಿದಾಗ ಅಕ್ಕಿ ಕಿಲೋಗೆ ಒಂದು ರೂಪಾಯಿ. ಹಸಿದವನ ತಟ್ಟೆಗೆ ಹಬ್ಬದ ಅಡಿಗೆ ದಿನವೂ ಬಂದದ್ದನ್ನು ಹೊಟ್ಟೆ ತುಂಬಿದ ನಾವು ಹಗುರವಾಗಿ ಆಡಬಾರದು. ತಲೆಮಾರುಗಳ ಅವಮಾನವೊಂದು ಅಲ್ಲಿ ತೀರಿತು. ಬೆಳಗಿನ ಜಾವಕ್ಕೇ ಎದ್ದು ರಾಗಿಕಲ್ಲಿನ ಮುಂದೆ ಕೂರುತ್ತಿದ್ದ ಹೆಂಗಸರ ತೋಳಿನ ನೋವೂ ತೀರಿತು. ಬೀಸುವ ಪದಗಳನ್ನು ಸಂಗ್ರಹಿಸಿ ಸಂತೋಷಪಟ್ಟ ನಾವು ಆ ನೋವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈಗ ಚಕ್ರ ಮತ್ತೆ ತಿರುಗಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವುಂಟು; ಬಿಳಿಯ ಅಕ್ಕಿಯಲ್ಲಿ ಹತ್ತರ ಆಸುಪಾಸು. 2018ರಲ್ಲಿ ಕೇಂದ್ರ ಸರ್ಕಾರವು ‘ಒರಟು ಧಾನ್ಯ’ವೆಂಬ ಹೆಸರನ್ನು ತೆಗೆದು ‘ಪೌಷ್ಟಿಕ ಧಾನ್ಯ’ವೆಂದಿತು, ವಿಶ್ವಸಂಸ್ಥೆ 2023ನ್ನು ಈ ಧಾನ್ಯಗಳ ವರ್ಷವೆಂದು ಆಚರಿಸಿತು. ಕನ್ನಡದಲ್ಲಿ ‘ಸಿರಿಧಾನ್ಯ’ವೆಂಬ ಚೆಲುವಾದ ಹೆಸರು ಬಳಕೆಗೆ ಬಂದಿದೆ. ಹಾರಕ, ಸಾಮೆಗಳು ನಗರದ ಅಂಗಡಿಗಳಲ್ಲಿ ಅಕ್ಕಿಗಿಂತ ದುಬಾರಿಯಾಗಿವೆ. ಕೂಲಿಯವನ ಕೂಳೆನಿಸಿಕೊಂಡಿದ್ದುದು ವೈದ್ಯರು ಬರೆದುಕೊಡುವ ಪಥ್ಯವಾಗಿದೆ.

ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಮುದ್ದೆಗೆ ‘ಹಿಟ್ಟು’ ಎಂದೇ ಹೆಸರು. ದಾರಿಯಲ್ಲಿ ಸಿಕ್ಕವರನ್ನು ‘ಹಿಟ್ಟುಂಡೆಯಾ?’ ಎಂದು ಕೇಳುವ ಹಿರಿಯರು ಅಲ್ಲಿ ಇನ್ನೂ ಇದ್ದಾರೆ. ಆ ಪ್ರಶ್ನೆಗೆ ಅವರ ಮೊಮ್ಮಕ್ಕಳು ‘ಊಟ ಆಯಿತು’ ಎಂದು ಉತ್ತರ ಕೊಡುತ್ತಾರೆ.